ಮುಂದಿನ ತಿಂಗಳ ಪುಟ

ಮಕ್ಕಳ ಮಾಸಪತ್ರಿಕೆಯೊಂದನ್ನು ಸುರುಳಿ ಸುತ್ತಿ ಹಿಡಿದು ಊರಿನ ಯಜಮಾನ ಹೊನ್ನಪ್ಪ ಜಗಲಿ ಹತ್ತಿದಾಗ ಬಡಗಿ ಕಾಳಪ್ಪ ಮಗಳಿಗಾಗಿ ಹಸೆಮಣೆ ಹೆರೆಯುತ್ತಿದ್ದ. ಮದುವೆಗೆ ಇನ್ನು ಮೂರೇ ದಿನ. ಊರ ಸಮುದಾಯ ಭವನದ ಬೀಗದ ಕೈ ಇನ್ನೂ ಹೊನ್ನಪ್ಪನ ಉಡಿದಾರದಲ್ಲೇ ಇತ್ತು.

"ಎಲ್ಲವ್ನೆ ನಿನ್ ಮಗ?"

ಕೆ.ಆರ್. ಪೇಟೆಯಲ್ಲಿ ಬೋರ್ಡು ಬರೆಯುವ ಕಾಳಪ್ಪನ ಮಗ ಯೋಗೇಶ್ ಬಿಡುವಿನಲ್ಲಿ ಆ ಪತ್ರಿಕೆಗೆ ಕಾರ್ಟೂನು ಬರೆಯುತ್ತಿದ್ದ. ಈ ತಿಂಗಳದ್ದು ಒಂದು ಹಳ್ಳಿ ಮದುವೆಯ ಕಥೆ. ದಿಬ್ಬಣ ಬಂದು ನಿಂತಿರುವಾಗ ದಪ್ಪ ಮೀಸೆಯ ದುಷ್ಟನೊಬ್ಬ ಛತ್ರಕ್ಕೆ ಬೀಗ ಜಡಿದು ನಗುತ್ತಾನೆ. ಉಳಿದದ್ದು ಮುಂದಿನ ಸಂಚಿಕೆಗೆ. ತೊಂಬತ್ನಾಲ್ಕರ ಎಲೆಕ್ಷನ್ನಿನಲ್ಲಿ ತನ್ನ ಮಾತು ಕೇಳಲಿಲ್ಲವೆಂದು ಅದೇ ಊರಿನ ಚಿಕ್ಕಮಾದಯ್ಯನ ಮಗಳ ಮದುವೆಯ ದಿನ ಹೊನ್ನಪ್ಪ ಮಾಡಿದ್ದೂ ಅದನ್ನೇ. ಮಳೆಯಲ್ಲಿ ತೊಯ್ದು ಬೀದಿಯಲ್ಲಿ ನಿಂತಿದ್ದ ಆ ಮದುಮಗಳನ್ನು ಯೋಗೇಶ್ ಕಣ್ಣಾರೆ ಕಂಡಿದ್ದ.

ಅವನು ಹೊರಗೆ ಬರುತ್ತಲೇ ಹೊನ್ನಪ್ಪ ಪುಟ ಬಿಡಿಸಿ ತೋರಿಸಿದ. "ಇದು ನಾನೇನ್ಲಾ?"

"ಅಯ್ಯೋ, ಬುಡ್ತು ಅನ್ನಿ ಅಣ್ಣ!" ಕಾಳಪ್ಪ ಎದ್ದುಬಿಟ್ಟ. "ಅವ್ರಲ್ಲ ಅಂತ ಏಳ್ಲಾ, ಯೋಗೇಶ!"

ಒಂದು ಸುಳ್ಳು ಸಾಕಿತ್ತು. ಒಳಗೆ ತಂಗಿಯ ಬಳೆ ಸದ್ದು ನಿಂತುಹೋಗಿತ್ತು. ಯೋಗೇಶ್ ಬಾಗಿಲು ನೋಡಿದ, ಅಪ್ಪನನ್ನು ನೋಡಿದ. ಬೆರಳಿನ ಬಣ್ಣವನ್ನು ಅಂಗಿಗೆ ಒರೆಸಿಕೊಂಡ.

"ಊಂ. ನೀವೇ."

ಕಾಳಪ್ಪ ಇಬ್ಬರ ನಡುವೆ ಬಂದು ನಿಂತ.

ಹೊನ್ನಪ್ಪ ಕೂಗಾಡಲಿಲ್ಲ. "ನಮ್ಮ ಮೊಮ್ಮಗಳು ಭೂಮಿಕ ಇಲ್ವಾ, 'ತಾತ, ಇವ್ನು ನಿನ್ನಂಗೇ ಅವ್ನೆ' ಅಂತ ಮೊದ್ಲು ನಕ್ಕಳು. ಆಮೇಕೆ ನಗ್ನಿಲ್ಲ. 'ಇವ್ನು ಮದ್ವೆ ನಡ್ಯಕ್ಕೆ ಬುಡ್ತಾನಾ' ಅಂತ ಮೂರು ದಿನದಿಂದ ಕೇಳ್ತಾನೇ ಅವ್ಳೆ. ಮುಂದ್ಕೆ ಏನಾಯ್ತದ್ಲಾ?"

"ಬರ್ದು ಪೋಸ್ಟ್ ಮಾಡಾಯ್ತು. ಬೀದೀಲೇ ಚಪ್ಪರ ಹಾಕಿ ಮದ್ವೆ ಮಾಡ್ತಾರೆ. ಊರೋರೆಲ್ಲ ಉಣ್ತಾರೆ. ಅವ್ನೊಬ್ಬುನ್ನ ಯಾರೂ ಕರೆಯಾಕಿಲ್ಲ."

ಹೊನ್ನಪ್ಪ ಪತ್ರಿಕೆಯನ್ನು ಮತ್ತೆ ಸುರುಳಿ ಸುತ್ತಿದ. ಆಮೇಲೆ ಬೀಗದ ಕೈ ಬಿಚ್ಚಿ ಹಸೆಮಣೆಯ ಮೇಲಿಟ್ಟು ಮೆಟ್ಟಿಲಿಳಿದ.

ಕಾಳಪ್ಪ ಗೋಡೆಯ ಗೂಡಿನಲ್ಲಿದ್ದ ಲಗ್ನಪತ್ರಿಕೆಯೊಂದನ್ನು ಎಳೆದುಕೊಂಡು ಅವನ ಹಿಂದೆ ಓಡಿದ. "ಅಣ್ಣ, ಮನೆಮಂದಿಯೆಲ್ಲ ಬರ್ಲೇಬೇಕು!"

ಹೊನ್ನಪ್ಪ ಕೈ ಚಾಚಲಿಲ್ಲ. "ಮನಸಾರ ಕರೀತಿದ್ದೀಯೇನ್ಲಾ ಕಾಳಪ್ಪ, ಇಲ್ಲ ಎದ್ರುಕೊಂಡು ಕರೀತಿದ್ದೀಯಾ?"

ಕಾಳಪ್ಪ ತಿರುಗಿ ಜಗಲಿಯ ಮೇಲಿದ್ದ ಮಗನನ್ನು ನೋಡಿದ. ಹೊನ್ನಪ್ಪ ಉತ್ತರಕ್ಕಾಗಿ ಬಿಸಿಲಲ್ಲೇ ನಿಂತ.