ಸಂಗವ್ವನ ನಗು

ಸತ್ತವರು ಮನೆಮಂದಿಯ ತಲೆಗಳಲ್ಲಿ ಚೂರುಚೂರಾಗಿ ಚದುರಿರುತ್ತಾರೆ. ವರ್ಷ ತುಂಬಿದ ದಿನ ಆ ಚೂರುಗಳನ್ನು, ಅಂಗೈ ಇಟ್ಟವರ ನೆನಪು ಹಿಡಿದಿಡುವ ಡಿಸ್ಕಿನ ಪೆಟ್ಟಿಗೆಯಲ್ಲಿ ಒಟ್ಟುಗೂಡಿಸುವುದು ಊರಿನ ವಾಡಿಕೆ. ಸಂಗವ್ವ ತೀರಿ ವರ್ಷವಾದ ಆ ದಿನ ಮನೆಮಂದಿ ದೀಪ ಹಚ್ಚಿ ಒಬ್ಬೊಬ್ಬರಾಗಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಸಂಗವ್ವನ ನಡಿಗೆ ಬಂತು, ಹಾಡು ಬಂತು, ನಗು ಮಾತ್ರ ಬರಲಿಲ್ಲ. ಹೊತ್ತು ಮುಳುಗಿದರೆ ಪೆಟ್ಟಿಗೆ ಮುಚ್ಚುತ್ತದೆ. ಬಾರದೆ ಉಳಿದದ್ದು ಹೋದಂತೆಯೇ.

ಕೊನೆಗೆ ಸೊಸೆ ನೀಲವ್ವ ಎದ್ದಳು.

"ನಿನ್ನ ಕಡೆ ಏನೈತಿ ವೈನಿ, ಬರೀ ಅವ್ವನ ಬೈಗಳಾ!" ನಾದಿನಿ ಗಿರಿಜವ್ವ ಅಣಕಿಸಿದಳು.

"ಅವೂ ಆಕೀವ ಅಲ್ಲೇನು?" ಎಂದ ನೀಲವ್ವ ಶಿವನನ್ನು ನೆನೆದು ನಿಶ್ಚಿಂತೆಯಿಂದ ಕೈಯಿಟ್ಟಳು.

"ಮಜ್ಜಿಗಿ ಚೆಲ್ಲಿದೇನ, ಹುಚ್ಚಿ?" ಪೆಟ್ಟಿಗೆಯೊಳಗಿಂದ ಅತ್ತೆ ಗದರಿದಳು. ಅದರ ಹಿಂದೆಯೇ, ಅಂದು ಬೆನ್ನ ಹಿಂದೆ ಅತ್ತೆ ತಡೆಯಲಾಗದೆ ನಕ್ಕಾಗ ಸೊಸೆಯ ಕಿವಿಗೆ ಬಿದ್ದಿದ್ದ ನಗು ಮನೆ ತುಂಬಿತು.

ಗಿರಿಜವ್ವ ಕಣ್ಣೊರೆಸಿಕೊಂಡಳು. "ಕೈ ತೆಗೀಬ್ಯಾಡ ವೈನಿ. ಇನ್ನೊಮ್ಮೆ ಬೈಸ್ಕೋ."