ಹೊರಗೆ ಕಟ್ಟಿದ ಹಿಮ

ಉಕ್ಕಿನ ದೊಡ್ಡ ಪಾತ್ರೆಯ ಕುತ್ತಿಗೆಯ ಮೇಲೆ ಅಂಗೈಯಗಲ ಹಿಮ ಕಟ್ಟಿತ್ತು. ಪಾತ್ರೆಯ ನಕ್ಷೆ ಬರೆದ ಎಂಜಿನಿಯರ್ ಏಣಿ ಹತ್ತಿ ಬಟ್ಟೆಯಿಂದ ಒರೆಸಿದಳು. ಕಾಫಿ ಕುಡಿದು ಬರುವಷ್ಟರಲ್ಲಿ ಅದು ಮತ್ತೆ ಬೆಳ್ಳಗೆ ಕೂತಿತ್ತು.

"ಆಹಾ, ಎಷ್ಟು ಚೆನ್ನಾಗಿ ಕಾಣ್ತಿದೆ! ನಾಳೆ ದುಡ್ಡು ಕೊಡೋ ಮಂಡಳಿಯ ಅಧ್ಯಕ್ಷರು ಬರ್ತಾರೆ, ಒರೆಸಬೇಡ ತಾಯಿ," ಎಂದ ಹಿಂದೆ ಬಂದು ನಿಂತಿದ್ದ ಪ್ರಯೋಗಾಲಯದ ಮುಖ್ಯಸ್ಥ.

"ಸಾರ್, ಒಳಗಿನ ಚಳಿ ಹೊರಗೆ ಬರಬಾರದು. ಚಹಾ ತುಂಬಿದ ಫ್ಲಾಸ್ಕು ಹೊರಗಡೆ ಸುಡ್ತಿದ್ರೆ ಅದನ್ನ ಒಳ್ಳೇ ಫ್ಲಾಸ್ಕು ಅಂತೀರಾ?"

ಮುಖ್ಯಸ್ಥನಿಗೆ ಇದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದನ್ನು ಬೇಕಾದಾಗ ಮರೆಯುವುದರಲ್ಲಿ ಅವನದು ಪಳಗಿದ ಕೈ. ಒಳಗೆ ಕಡುಚಳಿಯ ದ್ರವ ಹೀಲಿಯಂನಲ್ಲಿ ಮುಳುಗಿದ್ದ ಅಯಸ್ಕಾಂತ, ಆ ಚಳಿ ಇರುವವರೆಗೆ ಮಾತ್ರ ಅಯಸ್ಕಾಂತ. ಚಳಿ ಸೋರಿಹೋದರೆ ಬರೀ ತಂತಿಯ ಸುರುಳಿ. ತಪ್ಪು ಅವಳದೇ. ತಣ್ಣಗಾದಾಗ ಒಳಗಿನ ಕೊಳವೆ ಕುಗ್ಗಿ ಬಾಗುತ್ತದೆಂದು ಗೊತ್ತಿದ್ದೂ ಸಾಕಷ್ಟು ಜಾಗ ಬಿಟ್ಟಿರಲಿಲ್ಲ. ಅದೀಗ ಹೊರಗೋಡೆಗೆ ತಾಗಿ ಒಳಗಿನ ಚಳಿಯನ್ನು ಹೊರಗೆ ಬಿಡುತ್ತಿತ್ತು. ಎಲ್ಲವನ್ನೂ ಬೆಚ್ಚಗಾಗಿಸಿ, ಬಿಚ್ಚಿ ಸರಿಪಡಿಸಲು ಒಂದು ತಿಂಗಳಾದರೂ ಬೇಕು. ಅದನ್ನೆಲ್ಲ ಅವಳು ಮುಖ್ಯಸ್ಥನಿಗೆ ಹೇಳಿದಳು.

"ಒಂದು ತಿಂಗಳಾ!" ಮುಖ್ಯಸ್ಥ ತಲೆಯ ಮೇಲೆ ಕೈ ಹೊತ್ತ. "ಅವರು ಒಪ್ಪಿದ್ರೆ ಇಂಥದೇ ಇನ್ನೊಂದು ಕಟ್ಟೋ ಕೆಲಸ ನಮಗೆ ಸಿಗುತ್ತೆ. ನಾಳೆ ಒಂದಿನ ಬಾಯಿಗೆ ಬೀಗ ಹಾಕ್ಕೋ. ಆಮೇಲೆ ಬಿಚ್ಚು, ನಾನು ಬೇಡ ಅನ್ನಲ್ಲ."

ಮರುದಿನ ಅಧ್ಯಕ್ಷರು ಏಣಿಯ ಮೇಲೆ ನಿಂತು, ಹಿಮ್ಮಡಿ ಎತ್ತಿ, ಕೈ ಚಾಚಿ ಹಿಮ ಮುಟ್ಟಿದರು. ಥಟ್ಟನೆ ಕೈ ಎಳೆದುಕೊಂಡು ಚಿಕ್ಕ ಮಕ್ಕಳ ಹಾಗೆ ನಕ್ಕರು. ಫೋಟೊ ತೆಗೆಯುವವನು ಇನ್ನೊಮ್ಮೆ ಮುಟ್ಟಿ ಎಂದ, ಇನ್ನೊಮ್ಮೆ ಮುಟ್ಟಿದರು. ಅವಳಿಂದ ತಡೆಯಲಾಗಲಿಲ್ಲ.

"ಸಾರ್, ಅದು ನನ್ನ ತಪ್ಪು. ಅಲ್ಲಿ ಹಿಮ ಕಟ್ಟಲೇಬಾರದಿತ್ತು."

ಮುಖ್ಯಸ್ಥ ಬೇಡವೆಂದು ಕಣ್ಸನ್ನೆ ಮಾಡಿದ. ಅಧ್ಯಕ್ಷರು ಮಾತ್ರ ಕೆಳಗಿಳಿದು ಅವಳ ಬೆನ್ನು ತಟ್ಟಿ ಸುತ್ತಲಿದ್ದವರತ್ತ ತಿರುಗಿದರು. "ನೋಡ್ರಪ್ಪಾ, ಇಷ್ಟು ದೊಡ್ಡ ಕೆಲಸ ಮಾಡಿಯೂ ಈ ಮಗೂಗೆ ಎಷ್ಟು ವಿನಯ!"

"ವಿನಯ ಅಲ್ಲ ಸಾರ್, ಸೋರಿಕೆ," ಎಂದಳು. ಅಷ್ಟರಲ್ಲಿ ಚಪ್ಪಾಳೆ ಶುರುವಾಗಿತ್ತು.

ಬಾಗಿಲ ಹತ್ತಿರ ಹೋದ ಅಧ್ಯಕ್ಷರು ಏನೋ ನೆನಪಾಗಿ ನಿಂತರು. "ಎರಡನೇದನ್ನೂ ಇವಳೇ ಮಾಡ್ಲಿ. ಇದನ್ನ ಯಾರೂ ಬಿಚ್ಚಬೇಡಿ, ಬಂದವರಿಗೆಲ್ಲ ತೋರಿಸಬೇಕು. ಆಮೇಲೆ ನೋಡು ಮಗು, ಮುಂದಿನದರಲ್ಲಿ ಆ ಹಿಮ ಸ್ವಲ್ಪ ಕೆಳಗೆ ಬರಲಿ. ಎಲ್ಲರಿಗೂ ಕೈಗೆ ಎಟುಕಬೇಕಲ್ಲ!"