ಅಮ್ಮ ನೋಡ್ತಿದಾಳೆ

“ಮನೇಲೇ ಆಯಾ ಇಟ್ಕೊಳ್ಳೋಣ. ಗೌರಕ್ಕ ಒಳ್ಳೇ ಹೆಂಗಸು,” ಎಂದ ಗಂಡ.

“ಬೇಡ. ದಿನವಿಡೀ ಅವಳೇ ಎತ್ಕೊಂಡಿದ್ರೆ ಮಗು ನಾಳೆ ಅವಳನ್ನೇ ಅಮ್ಮ ಅನ್ನುತ್ತೆ. ಅದನ್ನ ಕೇಳೋ ಶಕ್ತಿ ನಂಗಿಲ್ಲ,” ಎಂದಳು ಹೆಂಡತಿ.

ಕೊನೆಗೆ ಡೇ ಕೇರ್ ಎಂದಾಯಿತು. ಅಲ್ಲಿ ಗೋಡೆಯ ಮೇಲಿನ ಮೂಲೆಯಲ್ಲಿ ಕ್ಯಾಮೆರಾ ಇತ್ತು. ಆಫೀಸಿನಲ್ಲಿ ಕೂತೇ ಮೊಬೈಲಿನಲ್ಲಿ ಮಗುವನ್ನು ನೋಡಬಹುದಿತ್ತು.

ಮೊದಮೊದಲು ಮಗು ಬಾಗಿಲ ಕಡೆ ತಿರುಗಿ ಅಳುತ್ತಲೇ ಇರುತ್ತಿತ್ತು. ಅವಳು ಮೊಬೈಲನ್ನು ಮೇಜಿನ ಕೆಳಗೆ ಹಿಡಿದು ತಾನೂ ಅಳುತ್ತಿದ್ದಳು. ಒಂದು ದಿನ ಅಲ್ಲಿನ ಹುಡುಗಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಕ್ಯಾಮೆರಾದತ್ತ ಬೆರಳು ತೋರಿಸಿ ಏನೋ ಹೇಳಿದಳು. ಮಾತು ಕೇಳಿಸಲಿಲ್ಲ. ಮಗು ಮೇಲೆ ನೋಡಿತು, ಅಳು ನಿಲ್ಲಿಸಿತು, ನಗುತ್ತಾ ಟಾಟಾ ಮಾಡಿತು.

“ರೀ, ನನ್ನ ನೋಡಿ ನಗ್ತಿದೆ ಕಣ್ರೀ!” ಎಂದು ಗಂಡನಿಗೆ ಫೋನ್ ಮಾಡಿ ಹೇಳಿದಳು.

ಆಮೇಲೆ ದಿನವೂ ಹಾಗೇ. ಊಟವಾದರೆ ಖಾಲಿ ಬಟ್ಟಲನ್ನು ಎತ್ತಿ ತೋರಿಸುತ್ತಿತ್ತು. ಬಿದ್ದರೆ ಮೊಣಕಾಲು ತೋರಿಸುತ್ತಿತ್ತು. ಅವಳ ಅಳುವೂ ನಿಂತಿತು.

ಭಾನುವಾರ ಅತ್ತೆ ಬಂದರು. ಅವಳ ತೊಡೆಯ ಮೇಲಿದ್ದ ಮೊಮ್ಮಗುವನ್ನು ಆಡಿಸತೊಡಗಿದರು.

“ಅಪ್ಪ ಎಲ್ಲಿ, ಕಂದಾ?”

ಮಗು ಅಪ್ಪನತ್ತ ಕೈ ಚಾಚಿತು.

“ಅಜ್ಜಿ ಎಲ್ಲಿ?”

ಅಜ್ಜಿಯ ಮೂಗನ್ನೇ ಹಿಡಿಯಿತು. ಎಲ್ಲರೂ ನಕ್ಕರು.

“ಅಮ್ಮ ಎಲ್ಲಿ?”

ಮಗು ಅವಳ ಹೆಗಲು ಹಿಡಿದು ತೊಡೆಯ ಮೇಲೆ ಎದ್ದು ನಿಂತು, ತಲೆಯೆತ್ತಿ, ಗೋಡೆಗಳ ಮೇಲಿನ ಮೂಲೆಗಳಲ್ಲಿ ಕ್ಯಾಮೆರಾ ಹುಡುಕತೊಡಗಿತು.